ಅಕ್ಕನ ಎಡಗಾಲಿನ ಮೂರು ಕೀಲುಗಳು

ಅಕ್ಕನ ಕಾಲಿಗೆ ಡಾಕ್ಟರು ಕೊಟ್ಟಿದ್ದ ಬ್ರೇಸು, ಬೂಟು ಎರಡನ್ನೂ ನಾನು ತೋಟದೊಳಗೆ ಹಾಕಗೊಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ಹೇಳುತ್ತ ಹೋದರೆ ಇದನ್ನು ಎಲ್ಲೋ ನಡುವೆ ಅಡಗಿಸಿಬಿಡುತ್ತೇನೆ ಎಂಬ ಹೆದರಿಕೆ ನನಗಿದೆ. ಅಡಗಿಸುವುದು ನನಗೆ ಚೆನ್ನಾಗಿ ಬರುತ್ತದೆ.

ನಾನು ಏಳನೆಯ ಇಯತ್ತೆಯವರೆಗೆ ಓದಿದವನು. ಬರೆದು ರೂಢಿಯಿಲ್ಲ. ಆದರೆ ಮೊನ್ನೆ ಹುಬ್ಬಳ್ಳಿಯಲ್ಲಿ ಅಕ್ಕನ ಎಕ್ಸ್‌ರೇ ನೋಡಿ ಬಂದಾಗಿನಿಂದ ಕೈ ಸುಮ್ಮನಿರುತ್ತಿಲ್ಲ. ಯಾರಿಗಾದರೂ ಹೇಳಬೇಕು! ರೈಲಿನಲ್ಲಿ ಪಕ್ಕಕ್ಕೆ ಕೂತ ಗುರುತಿಲ್ಲದ ಮುದುಕನಿಗೆ ಹೇಳಿದೆ. ಯಲವಿಗಿ ಸ್ಟೇಷನ್ನಿನಲ್ಲಿ ಇಳಿದು ಆಟೋದವನಿಗೆ ಹೇಳಿದೆ. ಈಗ ನಿಮಗೆ ಹೇಳುತ್ತಿದ್ದೇನೆ.

ನಮ್ಮದು ಸವಣೂರಿನ ಪಕ್ಕದ ಹಳ್ಳಿ. ಎಲೆಬಳ್ಳಿಯ ತೋಟವಿದೆ. ಅಕ್ಕ ನೀಲವ್ವನನ್ನು ಹಿರೇಕೆರೂರಿನ ಕಡೆ ಕೊಟ್ಟಿದ್ದೆವು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಳು. ಬಂದ ಮರುದಿನವೇ ತೋಟಕ್ಕೆ ಇಳಿದಳು. ಅವಳಷ್ಟು ಚುರುಕಾಗಿ ಎಲೆ ಕೊಯ್ಯುವವರು ಸುತ್ತಮುತ್ತ ಇರಲಿಲ್ಲ. ಬಳ್ಳಿ ಮರದ ಎತ್ತರಕ್ಕೆ ಹಬ್ಬಿರುತ್ತದೆ, ಏಣಿ ಹತ್ತಿಯೇ ಕೊಯ್ಯಬೇಕು. ಏಣಿಯ ಮೆಟ್ಟಿಲ ಮೇಲೆ ಅಂಗಾಲಿನ ನಡುಭಾಗ ಊರಿ ನಿಂತರೆ ಮೈಭಾರವೆಲ್ಲ ಅಲ್ಲೇ ಬೀಳುತ್ತದೆ. ಅಕ್ಕ ಹಾಗೆ ನಿಂತು, ಎರಡೂ ಕೈ ಬಳ್ಳಿಯೊಳಗೆ ಹಾಕಿ, ಕೆಳಗಿದ್ದವರ ಜೊತೆ ಜಗಳವನ್ನೂ ಆಡುತ್ತಿದ್ದಳು.

ಎಲೆತೋಟದೊಳಗೆ ಕಾಲಿಗೆ ಏನನ್ನೂ ಹಾಕಿಕೊಂಡು ಹೋಗುವುದಿಲ್ಲ. ಬಳ್ಳಿ ಎಂದರೆ ನಮಗೆ ದೇವರು. ವ್ಯಾಪಾರಿ ಬರಲಿ, ಸಾಹೇಬರು ಬರಲಿ, ಗೇಟಿನ ಹೊರಗೆ ಚಪ್ಪಲಿ ಬಿಡಲೇಬೇಕು. ಒಂದು ಮಳೆಗಾಲ ಬಳ್ಳಿ ಬುಡದಿಂದ ಕೊಳೆತು ಅರ್ಧ ತೋಟ ಹೋಯಿತು. ಯಾರೋ ಚಪ್ಪಲಿಗಾಲಲ್ಲಿ ಬಂದಿರಬೇಕು ಎಂದು ಅಪ್ಪ ಸಾಯುವವರೆಗೂ ಹೇಳಿದ. ಅವನ ನಂತರ ಆ ಮಾತು ನನ್ನ ಬಾಯಿಗೆ ಬಂತು.

ಕಾಯಿಲೆ ಮೊದಲು ಕಂಡದ್ದು ಪಡಸಾಲೆಯ ನೆಲದ ಮೇಲೆ. ತೋಟದಿಂದ ಬಂದು ಕಾಲು ತೊಳೆದು ಅಕ್ಕ ಒಳಗೆ ಹೋದಳು. ಹಸಿ ಹೆಜ್ಜೆಗಳು ಮೂಡಿದ್ದವು. ಬಲಗಾಲಿನದು ಎಲ್ಲರ ಹೆಜ್ಜೆಯ ಹಾಗೆ, ನಡುವೆ ಕಡಿದುಹೋಗಿತ್ತು. ಎಡಗಾಲಿನದು ರೊಟ್ಟಿ ಬಡಿದ ಹಾಗೆ ಅಗಲವಾಗಿ, ಇಡೀ ಅಂಗಾಲು ನೆಲಕ್ಕೆ ಒತ್ತಿತ್ತು.

"ನೋಡ ಅಕ್ಕ, ಲಕ್ಷ್ಮೀ ಪಾದ ಹೋಗಿ ಆನಿ ಪಾದ ಆಗೈತಿ," ಅಂದೆ.

"ಆನಿ ನಡದ ಮನಿಗೆ ಬಡತನ ಬರೂದಿಲ್ಲ, ಸುಮ್ಮನಿರೋ ಈರ್ಯಾ," ಅಂದು ಅಕ್ಕ ನಕ್ಕಳು. ನಗುತ್ತಲೇ ಗೋಡೆ ಹಿಡಿದು ಕೂತಳು. ಕಾಲಿನ ಒಳಬದಿಯ ಗಣ್ಣಿನ ಕೆಳಗೆ, ಹಿಮ್ಮಡದ ಹತ್ತಿರ ಬಾವು ಬಂದಿತ್ತು. ಬಹಳ ದಿನದಿಂದ ನೋಯುತ್ತಿತ್ತಂತೆ. ಹೇಳಿರಲಿಲ್ಲ.

ಹಾನಗಲ್ಲಿಗೆ ಎಲುಬಿನ ಡಾಕ್ಟರೊಬ್ಬರು ಬರುತ್ತಾರೆ ಎಂದು ಕೇಳಿ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅವರು ಕಾಲು ಒತ್ತಿ ನೋಡಿದರು. ಹಿಂದಿನಿಂದ ನೋಡಿದರು. ಹಿಮ್ಮಡ ಹೊರಕ್ಕೆ ವಾಲಿತ್ತು. ಆಮೇಲೆ ಗೋಡೆಯ ಹತ್ತಿರ ನಿಲ್ಲಿಸಿ, "ಬಲಗಾಲು ಎತ್ರಿ. ಈಗ ಎಡಗಾಲಿನ ಹಿಮ್ಮಡ ಎತ್ತಿ ಬೆರಳಿನ ಮ್ಯಾಲ ನಿಲ್ರಿ," ಅಂದರು.

ಅಕ್ಕ ಎತ್ತಲು ನೋಡಿದಳು. ಮತ್ತೆ ನೋಡಿದಳು.

ಹಿಮ್ಮಡ ಏಳಲಿಲ್ಲ.

ಏಣಿಯ ತುದಿಯಲ್ಲಿ ಒಂಟಿಗಾಲಲ್ಲಿ ನಿಲ್ಲುವ ಅಕ್ಕ, ಸಣ್ಣ ಹುಡುಗರು ಆಟಕ್ಕೆ ಮಾಡುವುದನ್ನು ಮಾಡಲಾರದೆ ನನ್ನ ಕಡೆ ನೋಡಿದಳು. ಅಂಗಾಲಿನ ಕಮಾನನ್ನು ಮೇಲಕ್ಕೆ ಎಳೆದು ಹಿಡಿಯುವ ಹುರಿಯೊಂದು ಕಾಲಿನೊಳಗೆ ಇರುತ್ತದಂತೆ. ಅದು ಹಗ್ಗ ಸವೆದಂತೆ ಸವೆದಿತ್ತು. ಡಾಕ್ಟರು ಲೇಸು ಕಟ್ಟುವ ಬ್ರೇಸು ಕೊಟ್ಟರು, ಒಳಗೆ ಕಮಾನಿನ ಅಟ್ಟೆಯಿರುವ ಬೂಟು ಬರೆದುಕೊಟ್ಟರು. ಏಣಿ ಬಂದ್. ನಿಲ್ಲುವಾಗ, ನಡೆಯುವಾಗ ಬರಿಗಾಲು ಬೇಡ. ಈಗ ಕಾಲು ಮೆತ್ತಗಿದೆ, ಇನ್ನೂ ತಿರುಗಿಸಿದರೆ ತಿರುಗುತ್ತದೆ, ಗಟ್ಟಿಯಾಗಿ ಕೂತುಬಿಟ್ಟರೆ ಆಪರೇಷನ್ನೇ ಗತಿ ಅಂದರು.

ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಚೆನ್ನಾಗಿ ಕೇಳಿಸಿಕೊಂಡೆ.

ಮರುದಿನ ಅಕ್ಕ ಬ್ರೇಸು, ಬೂಟು ಹಾಕಿಕೊಂಡು ತೋಟದ ಗೇಟಿಗೆ ಬಂದಳು.

"ಹೊರಗ ಬಿಟ್ಟು ಬಾ," ಅಂದೆ.

"ಡಾಕ್ಟರ್ ಏನಂದ್ರು ಕೇಳಲಿಲ್ಲೇನೋ?"

"ಡಾಕ್ಟರಿಗೆ ಎಲಿ ತ್ವಾಟ ಐತೇನು? ಮನ್ಯಾಗ ಹಾಕ್ಕೋ, ಊರಾಗ ಹಾಕ್ಕೋ. ಇಲ್ಲಿ ಬ್ಯಾಡ."

"ಮುಂಜಾನಿಂದ ಸಂಜಿತನಕ ಇಲ್ಲೇ ಇರ್ತೇನಲ್ಲೋ ನಾ?"

"ಹಂಗಾದ್ರ ಬರಬ್ಯಾಡ. ಮನ್ಯಾಗ ಕುಂದ್ರು."

ಕುಂದ್ರು ಎಂಬ ಮಾತು ಅವಳಿಗೆ ಹೇಗೆ ತಾಗುತ್ತದೆಂದು ನನಗೆ ಗೊತ್ತಿತ್ತು. ತಮ್ಮನ ಮನೆಯಲ್ಲಿ ಕೂತು ಉಣ್ಣುವವಳಲ್ಲ ಅಕ್ಕ. ದುಡಿಮೆ ಇತ್ತೆಂದೇ ತಲೆ ಎತ್ತಿ ಇದ್ದವಳು. ಕಲ್ಲಿನ ಮೇಲೆ ಕೂತು ಲೇಸು ಬಿಚ್ಚಿದಳು. ಬ್ರೇಸನ್ನು ಗೇಟಿನ ಕಂಬದ ಮೊಳೆಗೆ ಸಿಕ್ಕಿಸಿ ಒಳಗೆ ಬಂದಳು.

ಆಮೇಲೆ ದಿನವೂ ಹಾಗೇ. ಏಣಿಯನ್ನು ಮಾತ್ರ ಬಿಟ್ಟಿದ್ದಳು. ಕೆಳಗಿನ ಬಳ್ಳಿ ಕಟ್ಟುವುದು, ನೀರು ಬಿಡುವುದು, ಕೊಯ್ದ ಎಲೆ ಹೊರುವುದು ಎಲ್ಲ ಹಸಿ ಮಣ್ಣಿನಲ್ಲಿ, ಬರಿಗಾಲಲ್ಲಿ. ನಾನು ಬರುತ್ತ ಹೋಗುತ್ತ ಮೊಳೆಗೆ ನೇತಾಡುವ ಬ್ರೇಸನ್ನು ನೋಡುತ್ತಿದ್ದೆ. ಬಿಸಿಲಿಗೆ ಅದರ ಬಣ್ಣ ಹೋಯಿತು. ಅಕ್ಕನ ನಡಿಗೆ ಸೊಟ್ಟಗಾಯಿತು. ಮುಂಗಾಲು ಹೊರಕ್ಕೆ ತಿರುಗಿತು. ಹಿಂದಿನಿಂದ ನೋಡಿದರೆ ಕಿರುಬೆರಳು, ಅದರ ಪಕ್ಕದ ಬೆರಳುಗಳೆಲ್ಲ ಕಾಣುತ್ತಿದ್ದವು. ಒಂದು ದಿನ ನನ್ನ ಹೆಂಡತಿ ಕಸ್ತೂರಿ ಅಕ್ಕನ ಕಾಲಿಗೆ ಎಣ್ಣೆ ತಿಕ್ಕುತ್ತ ಅದನ್ನು ನೆಟ್ಟಗೆ ಮಾಡಲು ನೋಡಿದಳು.

ಅದು ತಿರುಗಲಿಲ್ಲ. ಗಟ್ಟಿಯಾಗಿ ಕೂತುಬಿಟ್ಟಿತ್ತು.

ಹುಬ್ಬಳ್ಳಿಗೆ ಹೋದೆವು. ಬಸ್ಸಿನ ಮೆಟ್ಟಿಲು ಅಕ್ಕನಿಗೆ ಆಗದೆಂದು ಯಲವಿಗಿಯಿಂದ ರೈಲಿನಲ್ಲಿ. ಅಲ್ಲಿಯ ಸರ್ಜನ್ ಒಬ್ಬ ಹೆಣ್ಣುಮಗಳು, ಧಾರವಾಡದ ಕಡೆಯವರು. ಎಲ್ಲರೂ ಮೇಡಂ ಅನ್ನುತ್ತಿದ್ದರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹಿಮ್ಮಡದ ಸುತ್ತಲಿನ ಮೂರು ಕೀಲುಗಳನ್ನು ತೋರಿಸಿದರು. ಮೂರೂ ಹಾಳಾಗಿದ್ದವು. ಫ್ಯೂಷನ್ ಮಾಡಬೇಕು ಅಂದರು. ಸವೆದ ಮೇಲ್ಮೈ ಕೆರೆದು ತೆಗೆದು, ಕಾಲನ್ನು ನೆಟ್ಟಗೆ ಕೂಡಿಸಿ, ಸ್ಕ್ರೂ ಹಾಕಿ, ಎಲುಬಿಗೆ ಎಲುಬು ಬೆಸೆದು ಒಂದೇ ಆಗುವಂತೆ ಮಾಡುವುದು.

ಅಕ್ಕ ಕೇಳಿದಳು: "ಕೀಲು ಮುಚ್ಚಿ ಬಾಗಲಾನ್ನ ಗ್ವಾಡಿಗೆ ಸೇರಿಸಿದ್ರ ಅದು ಬಾಗಲಾ ಹೆಂಗ ಆಗ್ತೈತ್ರಿ ಮೇಡಂ?"

ಮೇಡಂ ನಕ್ಕುಬಿಟ್ಟರು. "ಮ್ಯಾಲಿನ ದೊಡ್ಡ ಕೀಲು ಹಂಗ ಬಿಡ್ತೀವಿ ನೀಲವ್ವಾರ. ಪಾದ ಮ್ಯಾಲ ಕೆಳಗ ಆಡ್ತೈತಿ. ಆ ಕಡಿ ಈ ಕಡಿ ಹೊಳ್ಳೂದಿಲ್ಲ. ತಗ್ಗು ದಿನ್ನಿ ನೋಡಿ ನಡೀಬೇಕು. ಏಣಿ ಮಾತ್ರ ಇನ್ನ ಮರತುಬಿಡ್ರಿ. ಆದ್ರ ನೋವು ಹೋಗ್ತೈತಿ, ನೆಟ್ಟಗ ನಡೀತೀರಿ."

ನೆಟ್ಟಗೆ ನಡೆಯುತ್ತೀರಿ! ನನಗೆ ಆ ಒಂದು ಮಾತು ಸಾಕಾಗಿತ್ತು. ಕುರ್ಚಿಯ ತುದಿಗೆ ಬಂದು ಕೂತೆ. ಆಗ ಮೇಡಂ ಹಳೆಯ ಚೀಟಿ ನೋಡಿ ಕೇಳಿದರು: "ಬ್ರೇಸ್ ಕೊಟ್ಟಿದ್ರಲ್ಲ? ಹಾಕ್ಕೊಳ್ಳಲಿಲ್ಲೇನು?"

ಅಕ್ಕ ಬಾಯಿ ತೆರೆಯುವುದರೊಳಗೆ ನಾನು ಹೇಳಿದೆ: "ಎಷ್ಟ್ ಹೇಳಿದ್ರೂ ಕೇಳೂದಿಲ್ರಿ ನಮ್ಮಕ್ಕ."

ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಮೇಡಂ ಕಡೆ ತಿರುಗಿದಳು.

"ಹೌದ್ರಿ. ನನಗ ಮರವು ಜಾಸ್ತಿ."

ಅಷ್ಟೇ. ಮೇಡಂ ಅವಳಿಗೆ ಬುದ್ಧಿ ಹೇಳತೊಡಗಿದರು, ಸಣ್ಣ ಮಕ್ಕಳಿಗೆ ಹೇಳುವಂತೆ. ಅಕ್ಕ ತಲೆ ತಗ್ಗಿಸಿ ಕೇಳಿದಳು. ನಾನು ಗೋಡೆಯ ಮೇಲಿದ್ದ ಎಲುಬುಗೂಡಿನ ಚಿತ್ರ ನೋಡುತ್ತಿದ್ದೆ.

ಇನ್ನೊಂದು ಷರತ್ತೂ ಇತ್ತು. ತಂಬಾಕು ಬಿಡಬೇಕು. ತಂಬಾಕು ತಿನ್ನುವವರ ಎಲುಬು ಕೂಡುವುದು ಕಷ್ಟವಂತೆ.

"ಎಲಿ ತ್ವಾಟದ ಹೆಣಮಗಳಿಗೆ ಎಲಿ ಬ್ಯಾಡ ಅಂತೀರಿ?" ಅಂದಳು ಅಕ್ಕ.

"ಎಲಿ ತಿನ್ರಿ. ತಂಬಾಕು ಬ್ಯಾಡ."

"ತಂಬಾಕಿಲ್ಲದ ಎಲಿ ಅಂದ್ರ ಉಪ್ಪಿಲ್ಲದ ಸಾರು."

"ಹಂಗಾದ್ರ ಸೊಟ್ಟ ಕಾಲಿಲೇ ಸಾರು ಉಣ್ರಿ," ಅಂದರು ಮೇಡಂ. ಅಕ್ಕನಿಗೆ ಜೋಡಿ ಸಿಕ್ಕಿತು ಅಂದುಕೊಂಡೆ. ಅಕ್ಕ ಅಲ್ಲೇ ಸೆರಗಿನ ಗಂಟು ಬಿಚ್ಚಿ ತಂಬಾಕಿನ ಪುಡಿಕೆಯನ್ನು ಕಸದ ಬುಟ್ಟಿಗೆ ಹಾಕಿದಳು. ಅವಳ ಕೂಡ ನಾನೂ ಬಿಟ್ಟೆ. ನಾಲಿಗೆ ಸತ್ತಂತೆ ಆಗಿತ್ತು, ಆದರೆ ಅಕ್ಕನಿಗೆ ಏನೋ ಕೊಟ್ಟಂತೆ ಒಳಗೊಳಗೇ ಹಿಗ್ಗು.

ಆಪರೇಷನ್ ದಿನ ನಾನೂ ಕಸ್ತೂರಿಯೂ ಬಾಗಿಲ ಹೊರಗೆ ನಿಂತಿದ್ದೆವು. ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಜೋಮು ಹಿಡಿಸಿದ್ದರು. ಹೊರಗೆ ಬಂದಾಗ ಅಕ್ಕನ ಕಣ್ಣುಗಳು ಅರೆ ತೆರೆದಿದ್ದವು. ಬಾಯಿ ಪೂರ್ತಿ ತೆರೆದಿತ್ತು.

"ಕಸ್ತೂರಿ, ಬಡಿಗ್ಯಾನ ಅಂಗಡ್ಯಾಗ ಮಲಗಿದಂಗ ಆಗಿತ್ತವಾ! ಗುರ್ ಗುರ್ ಅಂತ ತೂತು ಕೊರದ್ರು. ಟಕ್ ಟಕ್ ಬಡದ್ರು. ಯಾರದೋ ಮಲಗೂ ಕಾಟು ಮಾಡಾಕತ್ತಾರ ಅಂದ್ಕೊಂಡೆ."

"ನಿಮ್ಮ ಕಾಲ ಮಾಡಾಕತ್ತಿದ್ರು ಅಕ್ಕಾರ," ಅಂದಳು ಕಸ್ತೂರಿ. ನಕ್ಕಳು, ಅತ್ತಳು, ಎರಡೂ ಒಟ್ಟಿಗೇ. ಸೊಂಟದ ಎಲುಬಿನಿಂದ ಚೂರು ತೆಗೆದು ಸಂದಿಗಳಿಗೆ ತುಂಬಿದ್ದೇವೆ ಎಂದು ಮೇಡಂ ಹೇಳಿದರು. ಸ್ಕ್ರೂಗಳು ಎಕ್ಸ್‌ರೇಯಲ್ಲಿ ಬೆಳ್ಳಗೆ ಹೊಳೆಯುತ್ತಿದ್ದವು. ಅಕ್ಕನ ಕಾಲಿನೊಳಗೆ ಅಷ್ಟು ಚೆಂದದ ವಸ್ತುಗಳು ಇರುವುದನ್ನು ಕಂಡು ನನಗೆ ಕೂಗಿ ಹೇಳಬೇಕೆನಿಸಿತು.

ಮನೆಗೆ ಬಂದ ಮೇಲೆ ಪಡಸಾಲೆಯೇ ಆಸ್ಪತ್ರೆಯಾಯಿತು. ಕಾಲು ನೆಲಕ್ಕೆ ತಾಗಿಸುವಂತಿಲ್ಲ. ತಲೆದಿಂಬುಗಳ ಮೇಲೆ ಪ್ಲಾಸ್ಟರಿನ ಕಾಲು. ಬಚ್ಚಲಿಗೆ ಹೋಗಬೇಕೆಂದರೆ ವಾಕರ್ ಹಿಡಿದು ಒಂಟಿಗಾಲಲ್ಲಿ ಕುಪ್ಪಳಿಸಬೇಕು, ಹಿಂದೆ ನಾನು ಕೈ ಚಾಚಿಕೊಂಡು. ಅವಳ ಊಟ, ಮಾತ್ರೆ, ಮೈ ಒರೆಸುವುದು, ಬಟ್ಟೆ ಎಲ್ಲ ಕಸ್ತೂರಿಯದು. ಎತ್ತುವುದು, ಇಳಿಸುವುದು ನನ್ನದು. ನೋವು ಜಾಸ್ತಿಯಾದ ದಿನ ಅಕ್ಕ ಕೆಳದುಟಿ ಕಚ್ಚಿ ಸುಮ್ಮನಾಗುತ್ತಿದ್ದಳು. ಉಳಿದ ದಿನ ಮಲಗಿದಲ್ಲೇ ಕಾರಭಾರ. ಕೊಯ್ದ ಎಲೆಯನ್ನು ಅವಳ ಮುಂದೆ ಸುರಿಸಿಕೊಂಡು, ಆರಿಸಿ, ಕಟ್ಟು ಕಟ್ಟುತ್ತಿದ್ದಳು.

ಒಂದು ಮಧ್ಯಾಹ್ನ ಆಕೆ ಕಟ್ಟು ಕಟ್ಟುತ್ತ ಕೇಳಿದಳು: "ಕಾಲು ಕೂಡಿದ ಮ್ಯಾಲ ಬೂಟು ಬಿಟ್ಟು ನಡಿಯೂಹಂಗಿಲ್ಲಂತ. ತ್ವಾಟ ಬಿಟ್ಟಂಗ ಆತಲ್ಲ ಕಸ್ತೂರಿ?"

ಕಸ್ತೂರಿ ಎಲೆಗೆ ನೀರು ಚಿಮುಕಿಸುತ್ತಿದ್ದಳು. ತಲೆ ಎತ್ತದೆ ಅಂದಳು: "ಪೂಜಾಕ್ಕ ಮಡಿ ಸೀರಿ ಬ್ಯಾರೆ ಇಡ್ತೀವಿ. ತ್ವಾಟಕ್ಕ ಬೂಟು ಬ್ಯಾರೆ ಇಟ್ರಾತು. ಊರ ಮಣ್ಣು ತುಳಿಲಾರದ್ದು, ತ್ವಾಟದಾಗ ಅಷ್ಟ ಹಾಕ್ಕೊಳ್ಳೂದು. ಅದರಾಗೇನೈತಿ?"

ಅದರಲ್ಲೇನೂ ಇರಲಿಲ್ಲ.

ಇಷ್ಟೇ ಆಗಿತ್ತು. ಹಿಂದೆ ಗೇಟಿನ ಹತ್ತಿರ ನಿಂತಾಗ ನನ್ನ ತಲೆಗೆ ಇಷ್ಟು ಹೊಳೆಯಲಿಲ್ಲ. ಹೊಳೆಯುವುದು ನನಗೆ ಬೇಕಿರಲಿಲ್ಲವೇನೋ. ನಾನು ಹೇಳಿದ್ದು ನಡೆಯುವುದು ಬೇಕಿತ್ತು. ಅಪ್ಪನ ಜಾಗದಲ್ಲಿ ನಿಂತು ಅಕ್ಕನಿಗೆ ಬೇಡ ಅನ್ನುವುದರಲ್ಲಿ ಒಂದು ರುಚಿ ಇತ್ತು. ಅದು ತಂಬಾಕಿಗಿಂತ ಕೆಟ್ಟ ರುಚಿ.

ಮೊದಲ ಎಕ್ಸ್‌ರೇಯಲ್ಲಿ ಎಲ್ಲ ಸರಿಯಿತ್ತು. ಎರಡನೆಯ ಸಲ ಮೇಡಂ ಬಹಳ ಹೊತ್ತು ನೋಡಿದರು. ಎರಡು ಕೀಲು ಕೂಡುತ್ತಿದ್ದವು. ಒಂದರಲ್ಲಿ ಕಪ್ಪು ಗೆರೆ ಹಾಗೆಯೇ ಇತ್ತು. ಕೂಡದಿದ್ದರೆ ಮತ್ತೆ ಬಿಚ್ಚಬೇಕಾಗಬಹುದು, ಇನ್ನೂ ಕೆಲವು ವಾರ ಕಾಲು ಊರುವಂತಿಲ್ಲ ಅಂದರು. ಊರಲು ಹೇಳುತ್ತಾರೆಂದು ನಾವು ಅಕ್ಕನ ಬೂಟನ್ನೂ ಕಟ್ಟಿಕೊಂಡು ಹೋಗಿದ್ದೆವು. ಅದನ್ನು ಹಾಗೆಯೇ ಮರಳಿ ತಂದೆವು.

ರೈಲಿನಲ್ಲಿ ನನಗೆ ತಡೆಯಲಾಗಲಿಲ್ಲ. ಹೆದರಿಕೆ ಆದಾಗ ನನಗೆ ಸಿಟ್ಟು ಬರುತ್ತದೆ.

"ಖರೆ ಹೇಳಕ್ಕ. ಕದ್ದು ತಂಬಾಕು ತಿಂದಿಯೇನು?"

ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದವಳು ತಿರುಗಿದಳು. ಸಿಟ್ಟಿರಲಿಲ್ಲ ಮುಖದಲ್ಲಿ.

"ಇದನ್ನೂ ನನ್ನ ಮ್ಯಾಲ ಹಾಕ್ತಿಯೇನೋ ಈರ್ಯಾ?"

ಇದನ್ನೂ.

ಕಸ್ತೂರಿ ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಗಲಿಲ್ಲ. ಮೇಡಂ ಮುಂದೆ ನಾನು ಹೇಳಿದ ಸುಳ್ಳನ್ನು ಅಕ್ಕ ಯಾರಿಗೂ ಹೇಳಿರಲಿಲ್ಲ, ಮನೆಯಲ್ಲೂ. ಅವಳು ಮರೆತಿದ್ದಾಳೆ ಎಂದು ನಂಬಿಕೊಂಡು ಅಷ್ಟು ದಿನ ಅವಳನ್ನು ಎತ್ತಿದ್ದೆ, ಇಳಿಸಿದ್ದೆ. ಅವಳು ಎಲ್ಲವನ್ನೂ ಇಟ್ಟುಕೊಂಡಿದ್ದಳು. ಇಟ್ಟುಕೊಂಡೇ ನನ್ನ ಹೆಗಲ ಮೇಲೆ ಕೈ ಹಾಕಿ ಕುಪ್ಪಳಿಸಿದ್ದಳು. ಎಲುಬು ಕೂಡದಿದ್ದರೆ ಆ ಕಪ್ಪು ಗೆರೆ ನನ್ನದೇ ಎಂದು ಅನ್ನಿಸತೊಡಗಿತು. ಆ ವಾರಗಳಲ್ಲಿ ನಾನು ಮಾಡಿದ ಒಂದೇ ಪ್ರಾರ್ಥನೆ, ಆ ಗೆರೆ ಅಳಿಯಲಿ.

ಮೊನ್ನೆ ಹೋದೆವು.

ಮೇಡಂ ಎಕ್ಸ್‌ರೇ ಹಿಡಿದರು. ಹತ್ತಿರ ತಂದರು. ಹಳೆಯದನ್ನು ಪಕ್ಕದಲ್ಲಿ ಇಟ್ಟರು. ಕಸ್ತೂರಿ ನನ್ನ ಅಂಗಿಯ ತೋಳು ಹಿಡಿದು ತಿರುಚುತ್ತಿದ್ದಳು.

"ಎಲ್ಲೈತಿ ತೋರಸ್ರಿ ಗೆರಿ?" ಅಂದರು ಮೇಡಂ, ನನಗೆ.

ನೋಡಿದೆ. ಹುಡುಕಿದೆ. ಇರಲಿಲ್ಲ! ಮೂರೂ ಕೂಡಿದ್ದವು! ನಾನು ಏನು ಕೂಗಿದೆನೋ ನೆನಪಿಲ್ಲ, ಹೊರಗೆ ಸಾಲಿನಲ್ಲಿ ಕೂತವರು ಬಾಗಿಲು ತೆರೆದು ಇಣುಕಿದರು. "ಕೂಡೈತ್ರಿ, ನಮ್ಮಕ್ಕನ ಕಾಲ ಕೂಡೈತಿ," ಎಂದು ಅವರಿಗೂ ಹೇಳಿದೆ. ಬ್ಯಾಂಡೇಜು ಸುತ್ತಿದ್ದ ಒಬ್ಬ ಮನುಷ್ಯ ಚಪ್ಪಾಳೆ ತಟ್ಟಿದ.

ಪ್ಲಾಸ್ಟರ್ ತೆಗೆದರು. ಕಾಲು ಬಡಕಲಾಗಿ, ಚರ್ಮ ಒಣಗಿ ಪದರು ಎದ್ದಿತ್ತು. ಆದರೆ ಹಿಮ್ಮಡ ನೆಟ್ಟಗಿತ್ತು. ಕಂಬ ನೆಟ್ಟ ಹಾಗೆ ನೆಟ್ಟಗೆ. ವಾಕರ್ ಹಿಡಿಸಿ, ಮಂಚದ ಅಂಚಿನಿಂದ ಮೆಲ್ಲಗೆ ನಿಲ್ಲಿಸಿದರು. ಅಕ್ಕ ಎಡಗಾಲನ್ನು ನೆಲಕ್ಕೆ ಇಟ್ಟಳು. ಕಣ್ಣು ಮುಚ್ಚಿಕೊಂಡಳು.

"ಹೆಂಗನಸ್ತೈತ್ರಿ?" ಅಂದರು ಮೇಡಂ.

"ನೆಲ ತಣ್ಣಗೈತ್ರಿ," ಅಂದಳು ಅಕ್ಕ. ಕಣ್ಣಿಂದ ನೀರು ಇಳಿಯುತ್ತಿತ್ತು. "ಮರತಿದ್ದೆ ನೋಡ್ರಿ, ನೆಲ ಹೆಂಗಿರತೈತಿ ಅಂತ."

ಆಮೇಲೆ ಮೊಣಕಾಲವರೆಗಿನ ದಪ್ಪ ಬೂಟು ಹಾಕಿ ನಡೆಸಿದರು. ಅಕ್ಕ ಬಾಗಿಲವರೆಗೆ ಹೋಗಿ ಬಂದಳು. ಸೊಟ್ಟಗಲ್ಲ. ನೆಟ್ಟಗೆ. ಮೇಡಂ ನನ್ನ ಕಡೆ ತಿರುಗಿ, "ಈರಪ್ಪ, ತಮ್ಮ ಅಂದ್ರ ಹಿಂಗಿರಬೇಕು ನೋಡ್ರಿ. ಎಷ್ಟ್ ಛಂದ ನೋಡ್ಕೊಂಡೀರಿ," ಅಂದರು.

ಆ ಹೊಗಳಿಕೆಯನ್ನು ನುಂಗಿಕೊಂಡು ಹೊರಗೆ ಬರಬಹುದಿತ್ತು. ಖುಷಿಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಷ್ಟು ಖುಷಿಯಾಗಿತ್ತಲ್ಲ, ಅದರಲ್ಲಿ ಸುಳ್ಳು ನಿಲ್ಲಲಿಲ್ಲ.

"ಮೇಡಂ, ಅಕ್ಕ ಬ್ರೇಸ್ ಮರತಿದ್ದಿಲ್ರಿ. ನಾನ ಬಿಚ್ಚಸ್ತಿದ್ದೆ. ನಮ್ಮ ತ್ವಾಟದಾಗ ಬರಿಗಾಲಿಲೇ ಬರಬೇಕು ಅಂತ. ಅವತ್ತ ನಿಮ್ಮ ಮುಂದ ಸುಳ್ಳು ಹೇಳಿದೆ."

ಮೇಡಂ ಪೆನ್ನಿನ ಟೋಪಿ ಹಾಕಿದರು. "ಬ್ರೇಸ್ ಹಾಕಿದ್ರ ಆಪರೇಷನ್ ತಪ್ಪತಿತ್ತು ಅಂತ ಖಾತ್ರಿ ಹೇಳಾಕ ಬರೂದಿಲ್ಲ," ಅಂದರು. "ತಪ್ಪಬಹುದಿತ್ತು."

ಬಹುದಿತ್ತು. ಆ ಮಾತಿನೊಳಗೆ ಅಡಗಿಕೊಳ್ಳಲು ನನಗೆ ಜಾಗವಿತ್ತು. ಹೊರಗಿನ ಬೆಂಚಿನ ಮೇಲೆ ಅಕ್ಕನನ್ನು ಕೂಡಿಸಿ ಪಕ್ಕಕ್ಕೆ ಕೂತೆ. ಕಸ್ತೂರಿ ಮಾತ್ರೆ ತರಲು ಹೋಗಿದ್ದಳು. ನನ್ನ ಎದೆ ಹಗುರಾಗಿತ್ತು.

"ಹೇಳಿಬಿಟ್ಟೆ ನೋಡಕ್ಕ," ಅಂದೆ.

"ಯಾರಿಗೆ?"

"ಮೇಡಂಗೆ."

"ನೋವಾಗಿದ್ದು ಮೇಡಂ ಕಾಲಿಗೇನು?"

ನಮ್ಮಲ್ಲಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ರೂಢಿ ಇಲ್ಲ. ತಪ್ಪು ಮಾಡಿದವನು ಸವಣೂರಿಗೆ ಹೋಗಿ ಅಲ್ಲಿಯ ಹೆಸರಾದ ಕುರುಕಲು ತಿಂಡಿ, ಒಂದು ಪೊಟ್ಟಣ ಖಾರ ತರುತ್ತಾನೆ. ಸಿಟ್ಟಾದವರು ಅದರಲ್ಲಿ ಒಂದು ಮುಕ್ಕು ತಿನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಈ ತಿಂಗಳುಗಳಲ್ಲಿ ನಾನು ಎಷ್ಟು ಸಲ ತಂದಿದ್ದೆ! ಅಕ್ಕ ಒಂದು ಪೊಟ್ಟಣವನ್ನೂ ಬಿಚ್ಚಿರಲಿಲ್ಲ. ಬಾಯಿಗೆ ರುಚಿಯಿಲ್ಲ ಅನ್ನುತ್ತಿದ್ದಳು. ತಂಬಾಕು ಬಿಟ್ಟದ್ದಕ್ಕೆ ಹಾಗಾಗಿದೆ ಅಂದುಕೊಂಡಿದ್ದೆ.

ಅಕ್ಕ ಕಾಯುತ್ತಿದ್ದಳು. ಸಾಲಿನಲ್ಲಿದ್ದ ಜನ ನಮ್ಮನ್ನೇ ನೋಡುತ್ತಿದ್ದರು. ನಾನು ಅವಳ ಮುಖ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದೆ:

"ಅಕ್ಕಾ, ಬ್ರೇಸ್ ಬಿಚ್ಚಿಸಿದಾಂವ ನಾನು. ಮಂದಿ ಮುಂದ ನಿನ್ನ ಮ್ಯಾಲ ಹಾಕಿದಾಂವನೂ ನಾನು. ನಿನ್ನ ಕಾಲು ಹಾಳಾಗೂದನ್ನ ದಿನಾ ನೋಡ್ತಿದ್ದೆ, ನೋಡಿ ಸುಮ್ಮನಿದ್ದೆ. ತಪ್ಪಾತು ಅಕ್ಕ."